ದೊಡ್ಡ ವಿಶ್ವವಿದ್ಯಾಲಯವೋ ಚಿಕ್ಕದೋ: ಅಳೆಯಬೇಕಾದದ್ದು ನೀವು ಕೂರುವ ಕೊಠಡಿಯನ್ನು

ಎರಡು ಕಡೆ ಪ್ರವೇಶ ಸಿಕ್ಕಿದೆ ಎಂದುಕೊಳ್ಳೋಣ. ಒಂದು, ಐವತ್ತು ಸಾವಿರ ವಿದ್ಯಾರ್ಥಿಗಳಿರುವ, ಒಂದು ಪಟ್ಟಣದಷ್ಟು ಹರಡಿಕೊಂಡ ವಿಶ್ವವಿದ್ಯಾಲಯ. ಇನ್ನೊಂದು, ಎರಡು ಸಾವಿರ ವಿದ್ಯಾರ್ಥಿಗಳಿರುವ, ವಾರದೊಳಗೆ ದಾರಿಗಳೆಲ್ಲ ಪರಿಚಯವಾಗಿಬಿಡುವ ಸಂಸ್ಥೆ. ಈ ಹಂತದಲ್ಲಿ ಬಂಧುಗಳೂ ಸ್ನೇಹಿತರೂ ಕೊಡುವ ಸಲಹೆ ಸಾಮಾನ್ಯವಾಗಿ ಎರಡೇ ಬಗೆಯದು: ದೊಡ್ಡದರಲ್ಲಿ ಅವಕಾಶ ಹೆಚ್ಚು, ಚಿಕ್ಕದರಲ್ಲಿ ಗಮನ ಹೆಚ್ಚು. ಎರಡೂ ಮಾತು ಸುಳ್ಳಲ್ಲವಾದರೂ ಅವುಗಳಿಂದ ನಿರ್ಧಾರ ಹುಟ್ಟುವುದಿಲ್ಲ, ಏಕೆಂದರೆ ಯಾವ ವಿದ್ಯಾರ್ಥಿಯೂ ಇಡೀ ವಿಶ್ವವಿದ್ಯಾಲಯದಲ್ಲಿ ಓದುವುದಿಲ್ಲ. ಒಂದು ವಿಭಾಗದಲ್ಲಿ, ಒಂದು ಅವಧಿಗೆ (ಸೆಮಿಸ್ಟರ್‌ಗೆ) ನಾಲ್ಕೈದು ತರಗತಿಗಳಲ್ಲಿ, ಒಟ್ಟಾರೆ ಇಪ್ಪತ್ತು ಮೂವತ್ತು ಅಧ್ಯಾಪಕರ ಮುಂದೆ, ವಿದ್ಯಾರ್ಥಿನಿಲಯದ ಒಂದು ಅಂತಸ್ತಿನಲ್ಲಿ ಆ ಮೂರು ನಾಲ್ಕು ವರ್ಷಗಳು ಕಳೆಯುತ್ತವೆ. ಹೋಲಿಸಬೇಕಾದದ್ದು ಈ ಒಳವೃತ್ತಗಳನ್ನು. ಅವುಗಳನ್ನು ಅಳೆಯುವುದು ಹೇಗೆ, ಅಳೆದದ್ದನ್ನು ನಿಮ್ಮ ಸ್ವಭಾವದೊಡನೆ ಹೊಂದಿಸಿ ನೋಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲಿಗೆ, ‘ದೊಡ್ಡದು’ ಎಂಬ ಮಾತಿನ ಅರ್ಥ ಎಲ್ಲ ಕಡೆಯೂ ಒಂದೇ ಅಲ್ಲ. ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳನ್ನು ವರ್ಗೀಕರಿಸಲು ಬಳಕೆಯಲ್ಲಿದ್ದ ಕಾರ್ನೆಗಿ ಪದ್ಧತಿಯಲ್ಲಿ, ನಾಲ್ಕು ವರ್ಷದ ಪದವಿ ನೀಡುವ ಸಂಸ್ಥೆಗಳ ಪೈಕಿ 3000ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದರೆ ಚಿಕ್ಕದು ಅಥವಾ ಅತಿ ಚಿಕ್ಕದು, 10,000 ದಾಟಿದರೆ ದೊಡ್ಡದು, ನಡುವಿನದು ಮಧ್ಯಮ. ಮೂರು ಕ್ಯಾಂಪಸ್‌ಗಳಲ್ಲಿ ಹಂಚಿಹೋಗಿರುವ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ 90,000ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಅದರ ಎದುರಿಗೆ, ವಿಜ್ಞಾನದಲ್ಲಿ ಜಗತ್ತಿನ ಅಗ್ರಗಣ್ಯ ಸಂಸ್ಥೆಗಳಲ್ಲಿ ಒಂದಾದ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಸ್ನಾತಕ ವಿದ್ಯಾರ್ಥಿಗಳು ಸುಮಾರು 1000 ಮಾತ್ರ. ಗಾತ್ರಕ್ಕೂ ಗುಣಕ್ಕೂ ನೇರ ಸಂಬಂಧವಿಲ್ಲವೆಂದು ತಿಳಿಯಲು ಈ ಒಂದು ಜೋಡಿ ಸಾಕು.

ಇನ್ನೊಂದು ತೊಡಕು ರಚನೆಗೆ ಸಂಬಂಧಿಸಿದ್ದು. 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸ್ಥಾಪನೆಯಾದ ಕಲ್ಕತ್ತಾ, ಬೊಂಬಾಯಿ ಮತ್ತು ಮದರಾಸು ವಿಶ್ವವಿದ್ಯಾಲಯಗಳು ಆರಂಭದಲ್ಲಿ ತಾವೇ ಪಾಠ ಹೇಳುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ನೀಡುವುದಷ್ಟೇ ಅವುಗಳ ಕೆಲಸವಾಗಿತ್ತು, ಬೋಧನೆ ಸಂಯೋಜಿತ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಆ ಬಗೆಯ ವ್ಯವಸ್ಥೆ ಉಳಿದಿರುವ ಕಡೆಗಳಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಖ್ಯೆ ಲಕ್ಷ ದಾಟಿದ್ದರೂ ನಿಮ್ಮ ದಿನಚರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ನಿಮಗೆ ಬೇಕಾದದ್ದು ಕಾಲೇಜಿನ ಸಂಖ್ಯೆ. ಆಕ್ಸ್‌ಫರ್ಡ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರೂ ಅವರು ಮೂವತ್ತಕ್ಕೂ ಹೆಚ್ಚು ಕಾಲೇಜುಗಳಲ್ಲಿ ಹಂಚಿಹೋಗಿದ್ದಾರೆ. ಸ್ನಾತಕ ವಿದ್ಯಾರ್ಥಿ ವಾಸಿಸುವುದು ಕೆಲವು ನೂರು ಜನರ ನಡುವೆ, ವಾರದ ಟ್ಯುಟೋರಿಯಲ್‌ನಲ್ಲಿ ಅಧ್ಯಾಪಕರ ಎದುರು ಕೂರುವುದು ಇನ್ನೊಬ್ಬರೋ ಇಬ್ಬರೋ ಸಹಪಾಠಿಗಳ ಜೊತೆ. ಇದನ್ನು ದೊಡ್ಡದೆನ್ನಬೇಕೋ ಚಿಕ್ಕದೆನ್ನಬೇಕೋ ಎಂದು ಯೋಚಿಸಿ ನೋಡಿ.

ತರಗತಿಯ ಗಾತ್ರ: ಸರಾಸರಿಯನ್ನು ನಂಬುವ ಮೊದಲು

ಈ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಮಾಹಿತಿ ಪುಸ್ತಿಕೆಗಳಲ್ಲಿ ಅತ್ಯಂತ ಹೆಚ್ಚು ಕಾಣಿಸಿಕೊಳ್ಳುವ ಮತ್ತು ಅತ್ಯಂತ ಸುಲಭವಾಗಿ ದಾರಿ ತಪ್ಪಿಸುವ ಅಂಕಿಗಳು ಇಲ್ಲಿವೆ.

ಒಂದು ವಿಭಾಗ ಈ ಅವಧಿಯಲ್ಲಿ ಹತ್ತು ಕೋರ್ಸ್ ನಡೆಸುತ್ತಿದೆ ಎಂದಿಟ್ಟುಕೊಳ್ಳಿ. ಒಂಬತ್ತರಲ್ಲಿ ತಲಾ 10 ವಿದ್ಯಾರ್ಥಿಗಳು, ಹತ್ತನೆಯದರಲ್ಲಿ 210 ವಿದ್ಯಾರ್ಥಿಗಳು. ಒಟ್ಟು 300 ಸ್ಥಾನಗಳು, ಹತ್ತು ತರಗತಿಗಳು. ಆದ್ದರಿಂದ ತರಗತಿಯ ಸರಾಸರಿ ಗಾತ್ರ 30 ಎಂದು ವಿಭಾಗ ಘೋಷಿಸಬಹುದು. ‘ನಮ್ಮ ತರಗತಿಗಳಲ್ಲಿ ಶೇಕಡಾ 90ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದಾರೆ’ ಎಂದೂ ಹೇಳಬಹುದು. ಎರಡೂ ಸತ್ಯವೇ. ಆದರೆ ಅದೇ 300 ಸ್ಥಾನಗಳಲ್ಲಿ 210, ಅಂದರೆ ಶೇಕಡಾ 70, ಆ ಒಂದೇ ದೊಡ್ಡ ಸಭಾಂಗಣದಲ್ಲಿವೆ. ಪ್ರತಿ ಸ್ಥಾನದಲ್ಲಿ ಕುಳಿತವರನ್ನೂ ‘ನಿಮ್ಮ ತರಗತಿಯಲ್ಲಿ ಎಷ್ಟು ಜನರಿದ್ದಾರೆ?’ ಎಂದು ಕೇಳಿ ಬಂದ ಉತ್ತರಗಳ ಸರಾಸರಿ ತೆಗೆದರೆ ಸಿಗುವುದು 150. ಅಧ್ಯಾಪಕರ ಕಡೆಯಿಂದ ಎಣಿಸಿದರೆ 30, ವಿದ್ಯಾರ್ಥಿಗಳ ಕಡೆಯಿಂದ ಎಣಿಸಿದರೆ 150. ಸಂಸ್ಥೆ ಮೋಸ ಮಾಡುತ್ತಿದೆ ಎಂದಲ್ಲ. ದೊಡ್ಡ ತರಗತಿಯಲ್ಲಿ ಹೆಚ್ಚು ಜನರಿರುವುದರಿಂದಲೇ ಅದು ಹೆಚ್ಚು ಜನರ ಅನುಭವಕ್ಕೆ ಬರುತ್ತದೆ, ಸರಾಸರಿಯಲ್ಲಿ ಮಾತ್ರ ಅದು ಒಂದೇ ತರಗತಿಯಾಗಿ ಎಣಿಕೆಯಾಗುತ್ತದೆ.

ಹಾಗಾದರೆ ಏನು ಕೇಳಬೇಕು? ಸರಾಸರಿಯನ್ನು ಬಿಟ್ಟು ಹಂಚಿಕೆಯನ್ನು ಕೇಳಿ: ಇಪ್ಪತ್ತಕ್ಕಿಂತ ಕಡಿಮೆ, ಐವತ್ತರವರೆಗೆ, ನೂರರವರೆಗೆ, ನೂರಕ್ಕೂ ಮೇಲೆ ವಿದ್ಯಾರ್ಥಿಗಳಿರುವ ತರಗತಿಗಳು ಎಷ್ಟೆಷ್ಟು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ‘ಕಾಮನ್ ಡೇಟಾ ಸೆಟ್’ ಎಂಬ ಏಕರೂಪದ ನಮೂನೆಯನ್ನು ಪ್ರತಿವರ್ಷ ಪ್ರಕಟಿಸುತ್ತವೆ. ಅದರ ‘ಐ’ (I) ಭಾಗದಲ್ಲಿ ಅಧ್ಯಾಪಕರ ಸಂಖ್ಯೆಯೂ ತರಗತಿಗಳ ಗಾತ್ರದ ಹಂಚಿಕೆಯೂ ಕೋಷ್ಟಕದ ರೂಪದಲ್ಲಿ ಸಿಗುತ್ತವೆ. ಇಂತಹ ನಮೂನೆ ಇಲ್ಲದ ದೇಶಗಳಲ್ಲಿ ಪ್ರವೇಶ ಕಚೇರಿಗೆ ಬರೆಯುವುದಕ್ಕಿಂತ ನೇರವಾಗಿ ವಿಭಾಗದ ಕಚೇರಿಗೆ ಬರೆಯುವುದು ಲೇಸು. ಪ್ರಶ್ನೆಯನ್ನು ಹೀಗೆ ಕಿರಿದಾಗಿಸಿ: ‘ಕಳೆದ ವರ್ಷ ನಿಮ್ಮ ವಿಭಾಗದಲ್ಲಿ ಮೊದಲ ವರ್ಷದ ಕಡ್ಡಾಯ ಕೋರ್ಸ್‌ಗಳಲ್ಲಿ ತಲಾ ಎಷ್ಟು ವಿದ್ಯಾರ್ಥಿಗಳಿದ್ದರು? ಮೂರನೆಯ ವರ್ಷದ ಕೋರ್ಸ್‌ಗಳಲ್ಲಿ ಎಷ್ಟು?’ ಎರಡನೆಯ ಸಂಖ್ಯೆಯೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಸಾವಿರಾರು ಜನ ಓದುವ ವಿಷಯಗಳಲ್ಲಿ ಮೊದಲ ವರ್ಷದ ಉಪನ್ಯಾಸ ಮುನ್ನೂರು ಜನರ ಸಭಾಂಗಣದಲ್ಲಿ ನಡೆದು, ಮೂರನೆಯ ವರ್ಷಕ್ಕೆ ಬರುವಾಗ ಹದಿನೈದು ಜನರ ಮೇಜಿಗೆ ಇಳಿದಿರುವುದು ಅಪರೂಪವಲ್ಲ. ಸಂಸ್ಕೃತ, ಭೂವಿಜ್ಞಾನ ಅಥವಾ ಶುದ್ಧ ಗಣಿತವನ್ನು ಆರಿಸಿಕೊಂಡವರಿಗೆ ಅತಿ ದೊಡ್ಡ ವಿಶ್ವವಿದ್ಯಾಲಯದೊಳಗೂ ಚಿಕ್ಕ ಕಾಲೇಜಿನ ಆಪ್ತತೆ ಸಿಗಬಹುದು. ಅದೇ ಆವರಣದಲ್ಲಿ ವಾಣಿಜ್ಯವನ್ನೋ ಕಂಪ್ಯೂಟರ್ ವಿಜ್ಞಾನವನ್ನೋ ಆರಿಸಿಕೊಂಡವರಿಗೆ ಕೊನೆಯ ವರ್ಷದವರೆಗೂ ಜನಸಂದಣಿ ತಪ್ಪದಿರಬಹುದು.

ವಿದ್ಯಾರ್ಥಿ–ಅಧ್ಯಾಪಕ ಅನುಪಾತವನ್ನೂ ಇದೇ ಎಚ್ಚರದಿಂದ ಓದಬೇಕು. ಸಂಶೋಧನೆಗೆ ಮಾತ್ರ ಮೀಸಲಾದವರು, ರಜೆಯಲ್ಲಿರುವವರು, ಒಂದೇ ಕೋರ್ಸ್ ನಡೆಸುವ ಅರೆಕಾಲಿಕರು ಲೆಕ್ಕದಲ್ಲಿ ಹೇಗೆ ಸೇರಿದ್ದಾರೆ ಎಂಬುದರ ಮೇಲೆ ಆ ಅಂಕಿ ಬದಲಾಗುತ್ತದೆ. ಹದಿನೈದಕ್ಕೆ ಒಂದು ಎಂಬ ಅನುಪಾತವಿದ್ದ ಮಾತ್ರಕ್ಕೆ ಹದಿನೈದು ಜನರ ತರಗತಿ ಇರುತ್ತದೆಂದು ಭಾವಿಸಬೇಡಿ. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆಯೇ ಇದೆ: ಮೊದಲ ವರ್ಷದ ವಿದ್ಯಾರ್ಥಿಗಳ ಉತ್ತರ ಪತ್ರಿಕೆಯನ್ನೂ ಪ್ರಬಂಧವನ್ನೂ ಓದಿ ಟಿಪ್ಪಣಿ ಬರೆಯುವವರು ಯಾರು? ಉಪನ್ಯಾಸ ನೀಡುವ ಪ್ರಾಧ್ಯಾಪಕರೋ, ಸಂಶೋಧನಾ ವಿದ್ಯಾರ್ಥಿಗಳೋ, ಅವಧಿಗೊಮ್ಮೆ ಬದಲಾಗುವ ಅತಿಥಿ ಉಪನ್ಯಾಸಕರೋ? ಒಳ್ಳೆಯ ಸಂಶೋಧನಾ ವಿದ್ಯಾರ್ಥಿಯೊಬ್ಬ ಹಿರಿಯ ಪ್ರಾಧ್ಯಾಪಕರಿಗಿಂತ ತಾಳ್ಮೆಯಿಂದ ಪಾಠ ಹೇಳಬಲ್ಲ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ವರ್ಷಗಳ ನಂತರ ನಿಮಗೆ ಶಿಫಾರಸು ಪತ್ರ ಬೇಕಾದಾಗ ಆತ ಅಲ್ಲಿರುವುದಿಲ್ಲ.

ಪುಸ್ತಿಕೆಯ ಪಟ್ಟಿ ಮತ್ತು ನಿಜವಾದ ವೇಳಾಪಟ್ಟಿ

ಚಿಕ್ಕ ಸಂಸ್ಥೆಯನ್ನು ಆರಿಸುವವರು ಎಚ್ಚರದಿಂದ ಪರಿಶೀಲಿಸಬೇಕಾದ ಅಂಶ ಇದು. ಪಠ್ಯಕ್ರಮದ ಪುಸ್ತಿಕೆಯಲ್ಲಿ ಒಂದು ವಿಭಾಗ ನಲವತ್ತು ಕೋರ್ಸ್‌ಗಳನ್ನು ಹೆಸರಿಸಿರಬಹುದು, ಆದರೆ ಆ ವಿಭಾಗದಲ್ಲಿ ಐದೇ ಅಧ್ಯಾಪಕರಿದ್ದು ಪ್ರತಿಯೊಬ್ಬರೂ ಅವಧಿಗೆ ಮೂರು ಕೋರ್ಸ್ ನಡೆಸಿದರೆ ಒಂದು ಅವಧಿಗೆ ಆಗುವುದು ಹದಿನೈದು. ಅದರಲ್ಲಿ ಹತ್ತು ಕಡ್ಡಾಯದವೇ ಆಗಿದ್ದರೆ ಐಚ್ಛಿಕ ಕೋರ್ಸ್‌ಗಳಿಗೆ ಉಳಿಯುವುದು ಐದು. ನಿಮಗೆ ಇಷ್ಟವಾದ ಕೋರ್ಸ್ ಎರಡು ವರ್ಷಕ್ಕೊಮ್ಮೆ ನಡೆಯುವುದಾಗಿದ್ದು, ಅದನ್ನು ಕಲಿಸುವ ಒಬ್ಬರೇ ಅಧ್ಯಾಪಕರು ಆ ವರ್ಷ ರಜೆಯ ಮೇಲೆ ಹೋದರೆ ನಿಮ್ಮ ಪಾಲಿಗೆ ಆ ಕೋರ್ಸ್ ಇರುವುದೇ ಇಲ್ಲ. ಆದ್ದರಿಂದ ಕಳೆದ ನಾಲ್ಕು ಅವಧಿಗಳ ವೇಳಾಪಟ್ಟಿಯನ್ನು ಪಡೆದು, ನೀವು ಓದಬಯಸುವ ಕೋರ್ಸ್‌ಗಳಲ್ಲಿ ಯಾವುವು ವಾಸ್ತವವಾಗಿ ನಡೆದಿವೆ ಎಂದು ಗುರುತು ಹಾಕಿ. ಇದಕ್ಕೆ ಒಂದು ಸಂಜೆ ಸಾಕು. ಅದರಿಂದ ತಿಳಿಯುವಷ್ಟು ಬೇರೆ ಯಾವ ಪುಸ್ತಿಕೆಯಿಂದಲೂ ತಿಳಿಯುವುದಿಲ್ಲ.

ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಕೋರ್ಸ್ ನಡೆಯುತ್ತದೆ, ಆದರೆ ನಿಮಗೆ ಸ್ಥಾನ ಸಿಗುತ್ತದೆಯೇ ಎಂಬುದು ಪ್ರಶ್ನೆ. ನೋಂದಣಿ ಆರಂಭವಾದ ಮೊದಲ ಗಂಟೆಯಲ್ಲೇ ಭರ್ತಿಯಾಗುವ ಕಡ್ಡಾಯ ಕೋರ್ಸ್ ಸಿಗದೆ ಪದವಿ ಒಂದು ಅವಧಿ ಮುಂದಕ್ಕೆ ಹೋಗುವುದುಂಟು. ಹೀಗಾಗಿ ನಿಗದಿತ ಅವಧಿಯಲ್ಲೇ ಪದವಿ ಮುಗಿಸಿದವರ ಪ್ರಮಾಣ ಎಷ್ಟು, ಮೊದಲ ವರ್ಷ ಮುಗಿದ ಮೇಲೆ ಎರಡನೆಯ ವರ್ಷಕ್ಕೆ ಮರಳಿದವರ ಪ್ರಮಾಣ ಎಷ್ಟು ಎಂಬ ಎರಡು ಅಂಕಿಗಳನ್ನು ಎರಡೂ ಸಂಸ್ಥೆಗಳಿಂದ ಕೇಳಿ ಪಡೆಯಿರಿ.

ಯಾವ ವಿಷಯ ಓದಬೇಕೆಂದು ಇನ್ನೂ ನಿರ್ಧರಿಸದವರಿಗೆ ದೊಡ್ಡ ವಿಶ್ವವಿದ್ಯಾಲಯವೇ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ವಿಷಯಗಳ ವೈವಿಧ್ಯ ಅಲ್ಲಿ ಹೆಚ್ಚು ಎಂಬುದು ಸರಿ, ಆದರೆ ವೈವಿಧ್ಯ ಇರುವುದು ಒಂದು, ಅದರೊಳಗೆ ಚಲಿಸಲು ಬಿಡುವುದು ಇನ್ನೊಂದು. ಹೆಚ್ಚು ಬೇಡಿಕೆಯ ವಿಭಾಗಗಳು ಒಳಗಿನ ವಿದ್ಯಾರ್ಥಿಗಳಿಗೂ ಅಂಕಗಳ ಮಿತಿ ಹಾಕಿರುತ್ತವೆ. ಭೌತಶಾಸ್ತ್ರಕ್ಕೆ ಸೇರಿ ನಂತರ ಎಂಜಿನಿಯರಿಂಗ್‌ಗೆ ಬದಲಾಯಿಸಿಕೊಳ್ಳಬಹುದೆಂಬ ಎಣಿಕೆ ಅಲ್ಲಿ ತಲೆಕೆಳಗಾಗಬಹುದು. ಚಿಕ್ಕ ಸಂಸ್ಥೆಯಲ್ಲಿ ಇಪ್ಪತ್ತೇ ವಿಭಾಗಗಳಿದ್ದರೂ ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಅರ್ಜಿ, ಒಬ್ಬ ಅಧ್ಯಾಪಕರ ಸಹಿ ಸಾಕಾಗಬಹುದು. ವಿಭಾಗ ಬದಲಾವಣೆಯ ನಿಯಮವನ್ನು ಲಿಖಿತ ರೂಪದಲ್ಲಿ ಓದಿ, ಬಾಯಿಮಾತಿನ ಭರವಸೆಗೆ ಒಪ್ಪಬೇಡಿ.

ನಿಮ್ಮನ್ನು ಹೆಸರಿನಿಂದ ಬಲ್ಲವರು

2014ರಲ್ಲಿ ಜನಾಭಿಪ್ರಾಯ ಸಮೀಕ್ಷೆಗಳನ್ನು ನಡೆಸುವ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಜೊತೆಗೂಡಿ ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರ ಸಮೀಕ್ಷೆ ನಡೆಸಿದವು. ಓದಿದ ಸಂಸ್ಥೆ ಸರ್ಕಾರಿಯೋ ಖಾಸಗಿಯೋ, ದೊಡ್ಡದೋ ಚಿಕ್ಕದೋ ಎಂಬುದಕ್ಕೂ, ಪದವೀಧರರು ಮುಂದೆ ತಮ್ಮ ಉದ್ಯೋಗದಲ್ಲಿ ತೊಡಗಿಕೊಂಡಿರುವ ಬಗೆಗೂ ಹೇಳಿಕೊಳ್ಳುವಂತಹ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಬೇರೆ ಸಂಗತಿಗಳಿಗೆ: ಕಲಿಕೆಯಲ್ಲಿ ಉತ್ಸಾಹ ಹುಟ್ಟಿಸಿದ ಒಬ್ಬರಾದರೂ ಪ್ರಾಧ್ಯಾಪಕರು, ತಮ್ಮ ಬಗ್ಗೆ ವ್ಯಕ್ತಿಯಾಗಿ ಕಾಳಜಿ ತೋರಿದ ಪ್ರಾಧ್ಯಾಪಕರು, ತಮ್ಮ ಗುರಿಗಳಿಗೆ ಬೆಂಬಲ ಕೊಟ್ಟ ಮಾರ್ಗದರ್ಶಕರು, ಇವುಗಳ ಜೊತೆಗೆ ಒಂದು ಅವಧಿಗಿಂತ ಹೆಚ್ಚು ಕಾಲ ನಡೆಸಿದ ಯೋಜನೆ, ಕಲಿತದ್ದನ್ನು ಬಳಸಲು ಅವಕಾಶವಿದ್ದ ಇಂಟರ್ನ್‌ಶಿಪ್, ಪಠ್ಯೇತರ ಚಟುವಟಿಕೆಯಲ್ಲಿ ಆಳವಾದ ಭಾಗವಹಿಸುವಿಕೆ. ಮೊದಲ ಮೂರೂ ತಮಗೆ ಸಿಕ್ಕಿದ್ದವೆಂದು ಬಲವಾಗಿ ಒಪ್ಪಿದವರು ಶೇಕಡಾ 14 ಮಾತ್ರ, ಆರೂ ಸಿಕ್ಕಿದ್ದವೆಂದವರು ಶೇಕಡಾ 3. ಇದು ಪದವೀಧರರ ನೆನಪನ್ನು ಆಧರಿಸಿದ ಸಮೀಕ್ಷೆಯಾದ್ದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಖಚಿತವಾಗಿ ಹೇಳಲಾಗದು. ಆದರೂ ಆಯ್ಕೆ ಮಾಡುವವರಿಗೆ ಈ ಆರು ಸಂಗತಿಗಳು ಒಳ್ಳೆಯ ಪ್ರಶ್ನಾವಳಿಯಾಗುತ್ತವೆ. ಈಗ ಅಲ್ಲಿ ಕೊನೆಯ ವರ್ಷದಲ್ಲಿ ಓದುತ್ತಿರುವ ಮೂವರು ವಿದ್ಯಾರ್ಥಿಗಳನ್ನು ಹಿಡಿದು, ‘ನಿಮ್ಮನ್ನು ಹೆಸರಿನಿಂದ ಬಲ್ಲ, ನಿಮ್ಮ ಬರವಣಿಗೆಯನ್ನು ಓದಿರುವ ಅಧ್ಯಾಪಕರು ಎಷ್ಟು ಜನ?’ ಎಂದು ಕೇಳಿ. ಮೂವರೂ ತಡವರಿಸದೆ ಮೂರ್ನಾಲ್ಕು ಹೆಸರು ಹೇಳಿದರೆ ಸಂಸ್ಥೆಯ ಗಾತ್ರವನ್ನು ಮರೆತುಬಿಡಬಹುದು.

ಸಂಶೋಧನೆಯ ಆಸಕ್ತಿ ಉಳ್ಳವರಿಗೆ ಒಂದು ಮಾತು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಉಪಕರಣ, ಗ್ರಂಥಭಂಡಾರ, ವಿಷಯತಜ್ಞರ ಸಂಖ್ಯೆ ಎಲ್ಲವೂ ಹೆಚ್ಚು. ಆದರೆ ಪ್ರಯೋಗಾಲಯದಲ್ಲಿ ಮೊದಲ ಹಕ್ಕು ಪಿಎಚ್‌.ಡಿ. ವಿದ್ಯಾರ್ಥಿಗಳದು, ಸ್ನಾತಕ ವಿದ್ಯಾರ್ಥಿಗೆ ಸಿಗುವುದು ಕೆಲವೊಮ್ಮೆ ಗಾಜಿನ ಪಾತ್ರೆ ತೊಳೆಯುವ ಕೆಲಸ. ಸ್ನಾತಕೋತ್ತರ ವಿದ್ಯಾರ್ಥಿಗಳೇ ಇಲ್ಲದ ಚಿಕ್ಕ ಕಾಲೇಜಿನಲ್ಲಿ ಅಧ್ಯಾಪಕರು ಸಂಶೋಧನೆ ನಡೆಸಬೇಕಾದರೆ ಸ್ನಾತಕ ವಿದ್ಯಾರ್ಥಿಗಳ ಕೈಯನ್ನೇ ಹಿಡಿಯಬೇಕಾಗುತ್ತದೆ, ಆದ್ದರಿಂದ ಎರಡನೆಯ ವರ್ಷದಲ್ಲೇ ನಿಜವಾದ ಕೆಲಸ ಸಿಗಬಹುದು. ಅಲ್ಲಿನ ಉಪಕರಣ ಹಳೆಯದಾಗಿರಬಹುದು, ಕ್ಷೇತ್ರದ ಹೊಸ ಚರ್ಚೆ ತಡವಾಗಿ ತಲುಪಬಹುದು. ಕಳೆದ ವರ್ಷ ಎಷ್ಟು ಸ್ನಾತಕ ವಿದ್ಯಾರ್ಥಿಗಳು ಸಂಶೋಧನಾ ಲೇಖನದಲ್ಲಿ ಸಹಲೇಖಕರಾಗಿದ್ದರು ಎಂದು ಎರಡೂ ಕಡೆ ಕೇಳಿದರೆ ವಸ್ತುಸ್ಥಿತಿ ತಿಳಿಯುತ್ತದೆ.

ನಿಮ್ಮ ಸ್ವಭಾವದ ಬಗ್ಗೆ ಸಾಕ್ಷ್ಯ

‘ಸಂಕೋಚದ ಸ್ವಭಾವದವರಿಗೆ ಚಿಕ್ಕದು, ಧೈರ್ಯವಂತರಿಗೆ ದೊಡ್ಡದು’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಜನರ ತರಗತಿಯಲ್ಲಿ ಮೌನವಾಗಿ ಕೂರಲು ಸಾಧ್ಯವಿಲ್ಲ. ಪ್ರತಿದಿನವೂ ಮಾತನಾಡಬೇಕಾದ ಒತ್ತಡ ಕೆಲವರಿಗೆ ಹಿಂಸೆಯಾಗುತ್ತದೆ. ಸ್ನೇಹವಲಯದಲ್ಲಿ ಮನಸ್ತಾಪವಾದರೆ ದೊಡ್ಡ ಆವರಣದಲ್ಲಿ ಬೇರೊಂದು ವಲಯವನ್ನು ಕಟ್ಟಿಕೊಳ್ಳಬಹುದು, ಆರುನೂರು ಜನರ ಕಾಲೇಜಿನಲ್ಲಿ ಅದೇ ಮುಖಗಳನ್ನು ಊಟದ ಕೋಣೆಯಲ್ಲಿ ದಿನಕ್ಕೆ ಮೂರು ಬಾರಿ ಎದುರಿಸಬೇಕು. ಸಣ್ಣ ಸಮುದಾಯದಲ್ಲಿ ಭಾಷೆಯಿಂದಲೋ ಧರ್ಮದಿಂದಲೋ ಅಂಗವೈಕಲ್ಯದಿಂದಲೋ ಇತರರಿಗಿಂತ ಭಿನ್ನರಾದವರಿಗೆ ತಮ್ಮಂತಹ ಇನ್ನೊಬ್ಬರು ಸಿಗದೇ ಹೋಗಬಹುದು, ಇದನ್ನು ಹಗುರವಾಗಿ ಎಣಿಸಬಾರದು.

ಇನ್ನೊಂದು ಕಡೆಯನ್ನೂ ನೋಡಬೇಕು. ಮನಶ್ಶಾಸ್ತ್ರಜ್ಞರಾದ ರಾಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅಮೆರಿಕದ ಕ್ಯಾನ್ಸಸ್ ರಾಜ್ಯದ ಪ್ರೌಢಶಾಲೆಗಳಲ್ಲಿ ನಡೆಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಶಾಲೆಗಳಲ್ಲಿ ಚಟುವಟಿಕೆಗಳ ವೈವಿಧ್ಯ ಹೆಚ್ಚಿದ್ದರೂ ಜವಾಬ್ದಾರಿಯ ಸ್ಥಾನಗಳಲ್ಲಿ ನಿಂತು ಕೆಲಸ ಮಾಡಿದ ವಿದ್ಯಾರ್ಥಿಗಳ ಪ್ರಮಾಣ ಚಿಕ್ಕ ಶಾಲೆಗಳಲ್ಲೇ ಹೆಚ್ಚು ಎಂದು ಕಂಡುಬಂತು. ಅಧ್ಯಯನ ವಿಶ್ವವಿದ್ಯಾಲಯಗಳದ್ದಲ್ಲವಾದರೂ ಕಾರಣ ಎಲ್ಲ ಕಡೆಗೂ ಅನ್ವಯಿಸುವಂತಹದು: ನಾಟಕಕ್ಕೆ ಹದಿನೈದು ಪಾತ್ರಧಾರಿಗಳು ಬೇಕು, ಇರುವುದು ಎಂಬತ್ತು ಜನ ಎಂದಾದರೆ ರಂಗದ ಮೇಲೆ ನಿಂತೇ ಇರದವರನ್ನೂ ಕರೆಯಬೇಕಾಗುತ್ತದೆ.

ಸ್ವಭಾವವನ್ನು ಊಹಿಸಬೇಡಿ, ಸಾಕ್ಷ್ಯ ಹುಡುಕಿ. ಕಳೆದ ಎರಡು ವರ್ಷಗಳಲ್ಲಿ ಪಾಠ ಅರ್ಥವಾಗದಾಗ ಯಾರೂ ಹೇಳದೆಯೇ ನೀವಾಗಿ ಅಧ್ಯಾಪಕರ ಬಳಿ ಹೋದದ್ದು ಎಷ್ಟು ಬಾರಿ? ಕರೆಯದೆ ಯಾವುದಾದರೂ ಸಂಘಕ್ಕೆ ಸೇರಿದ್ದುಂಟೇ? ತರಗತಿಗೆ ಹೋಗದಿದ್ದರೆ ಯಾರೂ ಕೇಳುವವರಿಲ್ಲ ಎಂದಾದಾಗ ಹೋದಿರೋ ಬಿಟ್ಟಿರೋ? ದೊಡ್ಡ ವಿಶ್ವವಿದ್ಯಾಲಯ ತಾನಾಗಿ ಏನನ್ನೂ ತಂದು ಕೊಡುವುದಿಲ್ಲ, ಹುಡುಕಿ ಹೋದವರಿಗೆ ಮಾತ್ರ ಕೊಡುತ್ತದೆ. ಈ ಪ್ರಶ್ನೆಗಳಿಗೆ ನಿಮ್ಮ ಉತ್ತರ ‘ಇಲ್ಲ’ ಎಂದಾದರೆ ಚಿಕ್ಕದನ್ನು ಆರಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎರಡರ ನಡುವಿನ ದಾರಿಗಳು

ಎರಡನ್ನೂ ಬೆಸೆಯುವ ವ್ಯವಸ್ಥೆಗಳು ಕೆಲವು ಕಡೆ ಇವೆ. ದೊಡ್ಡ ವಿಶ್ವವಿದ್ಯಾಲಯದೊಳಗೆ ಆಯ್ದ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಆನರ್ಸ್ ಕಾಲೇಜು ನಡೆಸುವುದು ಒಂದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾರೆಟ್ ಕಾಲೇಜು ಇದಕ್ಕೆ ಉದಾಹರಣೆ. ಅಂತಹ ಕಾಲೇಜಿಗೆ ಸೇರುವವರು ಅಲ್ಲಿನ ಚಿಕ್ಕ ತರಗತಿಗಳು ಮೊದಲ ವರ್ಷಕ್ಕೆ ಮಾತ್ರವೋ ಕೊನೆಯವರೆಗೂ ಇವೆಯೋ ಎಂದು ವಿಚಾರಿಸಬೇಕು. ಚಿಕ್ಕ ಕಾಲೇಜುಗಳು ಒಕ್ಕೂಟ ಮಾಡಿಕೊಂಡು ಪರಸ್ಪರರ ಕೋರ್ಸ್‌ಗಳನ್ನು ಹಂಚಿಕೊಳ್ಳುವುದು ಇನ್ನೊಂದು; ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಕಾಲೇಜುಗಳು ಅಕ್ಕಪಕ್ಕದಲ್ಲೇ ಇದ್ದು ಒಂದೇ ಗ್ರಂಥಾಲಯವನ್ನು ಬಳಸುತ್ತವೆ. ಪಾಲುದಾರ ಕಾಲೇಜು ಬಸ್ಸಿನಲ್ಲಿ ಒಂದು ಗಂಟೆ ದೂರವಿದ್ದರೆ ಆ ಒಕ್ಕೂಟದ ಪ್ರಯೋಜನ ಅಷ್ಟಕ್ಕಷ್ಟೇ.

ಚಿಕ್ಕ ಸಂಸ್ಥೆಯ ಆರ್ಥಿಕ ಸ್ಥಿತಿಯನ್ನೂ ವಿಚಾರಿಸಿ. 1901ರಲ್ಲಿ ಸ್ಥಾಪನೆಯಾಗಿದ್ದ ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜು 2015ರ ಮಾರ್ಚ್‌ನಲ್ಲಿ ತಾನು ಮುಚ್ಚುವುದಾಗಿ ದಿಢೀರನೆ ಘೋಷಿಸಿತು. ಹಳೆಯ ವಿದ್ಯಾರ್ಥಿನಿಯರು ಹಣ ಸಂಗ್ರಹಿಸಿ, ನ್ಯಾಯಾಲಯದವರೆಗೂ ವಿಷಯ ಹೋಗಿ, ಕೊನೆಗೆ ಅದು ಉಳಿಯಿತು. ಎಲ್ಲ ಸಂಸ್ಥೆಗಳಿಗೂ ಅಂತಹ ಹಳೆಯ ವಿದ್ಯಾರ್ಥಿಗಳಿರುವುದಿಲ್ಲ. ಕಳೆದ ಐದು ವರ್ಷಗಳಲ್ಲಿ ಪ್ರವೇಶ ಪಡೆದವರ ಸಂಖ್ಯೆ ಸತತವಾಗಿ ಇಳಿದಿದೆಯೇ, ಯಾವುದಾದರೂ ವಿಭಾಗ ಮುಚ್ಚಿದೆಯೇ ಎಂಬುದು ಸಾಮಾನ್ಯ ಓದುಗರಿಗೂ ಸಿಗುವ ಸುಳಿವು.

ಹೋಗಿ ನೋಡುವಾಗ

ಅಧಿಕೃತ ಪ್ರವಾಸದ ದಿನ ಎಲ್ಲ ಆವರಣಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಪಾಠ ನಡೆಯುವ ಸಾಧಾರಣ ದಿನವೊಂದರಲ್ಲಿ ಹೋಗಿ, ಅನುಮತಿ ಪಡೆದು ಎರಡು ತರಗತಿಗಳಲ್ಲಿ ಕುಳಿತುಕೊಳ್ಳಿ: ಒಂದು ಮೊದಲ ವರ್ಷದ್ದು, ಒಂದು ಮೂರನೆಯ ವರ್ಷದ್ದು. ಹಿಂದಿನ ಸಾಲಿನಲ್ಲಿ ಕುಳಿತು ಎಷ್ಟು ಜನ ಪಾಠ ಕೇಳುತ್ತಿದ್ದಾರೆ, ಎಷ್ಟು ಜನ ಪ್ರಶ್ನೆ ಕೇಳಿದರು, ಪಾಠ ಮುಗಿದ ಮೇಲೆ ಅಧ್ಯಾಪಕರು ನಿಂತು ಮಾತನಾಡಿದರೋ ಹೊರಟುಹೋದರೋ ಎಂದು ಗಮನಿಸಿ. ವಿಭಾಗದ ಕಾರಿಡಾರಿನಲ್ಲಿ ನಡೆದು ಅಧ್ಯಾಪಕರ ಬಾಗಿಲ ಮೇಲಿನ ಭೇಟಿಯ ಸಮಯದ ಚೀಟಿಗಳನ್ನು ಓದಿ. ವಾರಾಂತ್ಯದ ಸಂಜೆ ಆವರಣದಲ್ಲಿ ಜನರಿರುತ್ತಾರೆಯೇ, ಎಲ್ಲರೂ ಮನೆಗೆ ಹೋಗಿಬಿಡುತ್ತಾರೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ದೂರದಿಂದ ಬಂದ ವಿದ್ಯಾರ್ಥಿಗೆ ಖಾಲಿ ಆವರಣದ ಭಾನುವಾರಗಳು ಬಹಳ ಉದ್ದವಾಗಿರುತ್ತವೆ. ಹೋಗಲಾಗದವರು ವಿಭಾಗಕ್ಕೆ ಒಂದು ಸ್ಪಷ್ಟವಾದ ಪ್ರಶ್ನೆಯ ಇಮೇಲ್ ಬರೆದು, ಉತ್ತರ ಎಷ್ಟು ದಿನಕ್ಕೆ ಬಂತು, ಯಾರಿಂದ ಬಂತು ಎಂದು ನೋಡಬಹುದು.

ಇಷ್ಟೆಲ್ಲ ಸಂಗ್ರಹಿಸಿದ ಮೇಲೆ ಎರಡು ಹಾಳೆ ತೆಗೆದುಕೊಂಡು, ಪ್ರತಿಯೊಂದರಲ್ಲೂ ಆ ಸಂಸ್ಥೆಯಲ್ಲಿನ ನಿಮ್ಮ ಎರಡನೆಯ ವರ್ಷದ ಒಂದು ವಾರವನ್ನು ಸೋಮವಾರದಿಂದ ಭಾನುವಾರದವರೆಗೆ ಬರೆಯಿರಿ: ಯಾವ ಕೋರ್ಸ್, ಎಷ್ಟು ಜನರ ನಡುವೆ, ಯಾರ ಬಳಿ, ಊಟ ಯಾರೊಂದಿಗೆ, ಸಂಜೆ ಎಲ್ಲಿ, ಓದು ಕೈಕೊಟ್ಟರೆ ಮೊದಲು ತಟ್ಟುವ ಬಾಗಿಲು ಯಾವುದು. ಬರೆಯಲಾಗದೆ ಖಾಲಿ ಉಳಿದ ಜಾಗಗಳೇ ನೀವು ಇನ್ನೂ ಕೇಳಬೇಕಾದ ಪ್ರಶ್ನೆಗಳು. ಅವುಗಳಿಗೂ ಉತ್ತರ ಸಿಕ್ಕ ಮೇಲೆ ಎರಡು ಹಾಳೆಗಳಲ್ಲಿ ಯಾವ ವಾರವನ್ನು ಬದುಕಲು ಮನಸ್ಸು ಒಪ್ಪುತ್ತದೆಯೋ ಅದನ್ನು ಆರಿಸಿಕೊಳ್ಳಿ.

ದೊಡ್ಡದನ್ನು ಆರಿಸಿದವರು ಮೊದಲ ಆರು ವಾರಗಳೊಳಗೆ ಮೂರು ಕೆಲಸ ಮಾಡಬೇಕು: ಇಬ್ಬರು ಅಧ್ಯಾಪಕರನ್ನು ಅವರ ಭೇಟಿಯ ಸಮಯದಲ್ಲಿ ಪಾಠದ ಪ್ರಶ್ನೆಯೊಂದಿಗೆ ಕಾಣುವುದು, ಮೂವತ್ತು ಜನಕ್ಕಿಂತ ಕಡಿಮೆ ಇರುವ ಒಂದು ಸಂಘಕ್ಕೆ ಸೇರುವುದು, ನಾಲ್ಕೈದು ಜನರ ಒಂದು ಓದುಗುಂಪು ಕಟ್ಟಿಕೊಳ್ಳುವುದು. ಚಿಕ್ಕದನ್ನು ಆರಿಸಿದವರು ಮೊದಲ ವರ್ಷದಲ್ಲೇ ವಿನಿಮಯ ಕಾರ್ಯಕ್ರಮ, ಬೇಸಿಗೆಯ ಸಂಶೋಧನಾ ಶಿಬಿರ, ಬೇರೆ ಗ್ರಂಥಾಲಯಗಳಿಂದ ಪುಸ್ತಕ ತರಿಸುವ ಸೌಲಭ್ಯ ಇವುಗಳ ಅರ್ಜಿಯ ಕೊನೆಯ ದಿನಾಂಕಗಳನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಅವುಗಳಲ್ಲಿ ಹಲವಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕಾಗಿರುತ್ತದೆ.